ಮೊದಲು ಕಿವಿ, ಆಮೇಲೆ ಬಾಯಿ

“ಇದು ಯಾವ ಮೀನಿನ ಮುಳ್ಳು ಮಾರಾಯ್ರೆ? ಬಂಗುಡೆಯದ್ದಂತೂ ಅಲ್ಲ!”

ಮಲ್ಪೆಯ ನಮ್ಮ ಮನೆಯ ತಾರಸಿಯಲ್ಲಿ ನಾನೂ ಮೊಮ್ಮಗಳೂ ನಿಂತಿದ್ದಾಗ ಪಕ್ಕದ ಮನೆಯ ತಾಂಡೇಲರು ಅಂಗಳದಿಂದಲೇ ಕೇಳಿದ ಪ್ರಶ್ನೆ ಇದು. ತಾಂಡೇಲ ಎಂದರೆ ಬೋಟು ನಡೆಸುವ ಯಜಮಾನ. ನಲವತ್ತು ವರ್ಷ ಕಡಲಲ್ಲಿ ಕಳೆದವರು ಅವರು; ಮೀನಿನ ವಿಷಯದಲ್ಲಿ ಅವರ ಕಣ್ಣು ತಪ್ಪುವುದಿಲ್ಲ. ಆದರೆ ಮೊಮ್ಮಗಳ ಕೈಯಲ್ಲಿದ್ದದ್ದು ಮೀನಿನ ಮುಳ್ಳಲ್ಲ. ಒಂದು ಪಿವಿಸಿ ಕೊಳವೆ, ಅದಕ್ಕೆ ಅಡ್ಡಡ್ಡ ಬಿಗಿದ ಉಕ್ಕಿನ ಪಟ್ಟಿಗಳು. ಬಡಗಿಗಳು ಬಳಸುವ ಅಳತೆ ಟೇಪನ್ನು ಕತ್ತರಿಸಿ ನಾವೇ ಮಾಡಿಕೊಂಡ ಆಂಟೆನಾ.

“ಇದರಲ್ಲಿ ಮೀನು ಸಿಗುವುದಿಲ್ಲ, ಬಾಹ್ಯಾಕಾಶ ನಿಲ್ದಾಣ ಸಿಗ್ತದೆ” ಎಂದು ಅವಳು ಮೇಲಿನಿಂದ ಕೂಗಿ ಹೇಳಿದಳು.

ಆ ದಿನ ಸಿಗಲಿಲ್ಲ. ಮರುದಿನವೂ ಇಲ್ಲ. ನಾಲ್ಕು ದಿನ ಬಲೆ ಬೀಸಿ ಬರಿಗೈಯಲ್ಲಿ ತಾರಸಿ ಇಳಿದೆವು. ಏಕೆ ಸಿಗಲಿಲ್ಲ, ಐದನೆಯ ದಿನ ಹೇಗೆ ಸಿಕ್ಕಿತು ಎಂಬುದೇ ಈ ವಾರದ ಮಾತು. ತಪ್ಪು ಯಾರದೆಂದು ಈಗಲೇ ಹೇಳಿಬಿಡುತ್ತೇನೆ. ನನ್ನದು.

ಹ್ಯಾಮ್ ಎಂದರೆ ಯಾರು?

ಹಣಕ್ಕಾಗಿ ಅಲ್ಲದೆ, ಕಲಿಯುವ ಖುಷಿಗಾಗಿ ರೇಡಿಯೊದಲ್ಲಿ ಮಾತಾಡುವವರನ್ನು ಹ್ಯಾಮ್‌ಗಳು ಎನ್ನುತ್ತಾರೆ. ಸುಮ್ಮನೆ ಯಂತ್ರ ಕೊಂಡು ಮಾತಾಡಲು ಶುರು ಮಾಡುವಂತಿಲ್ಲ. ಕೇಂದ್ರ ಸರಕಾರ ನಡೆಸುವ ಪರೀಕ್ಷೆ ಬರೆದು ಪರವಾನಗಿ ಪಡೆಯಬೇಕು. 12 ವರ್ಷ ತುಂಬಿದ ಮಕ್ಕಳೂ ಈ ಪರೀಕ್ಷೆ ಬರೆಯಬಹುದು. ಪಾಸಾದವರಿಗೆ ಒಂದು ಗುರುತಿನ ಕರೆ ಸಿಗುತ್ತದೆ, ಇಡೀ ಜಗತ್ತಿನಲ್ಲಿ ಅದು ಒಬ್ಬರಿಗೆ ಮಾತ್ರ. ಭಾರತದ ಕರೆಗಳು ಸಾಮಾನ್ಯವಾಗಿ ವಿಯು 2 ಅಥವಾ ವಿಯು 3 ಎಂದು ಆರಂಭವಾಗುತ್ತವೆ. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರೂ ಹ್ಯಾಮ್ ಆಗಿದ್ದರು; ಅವರ ಕರೆ ವಿಯು 2 ಆರ್‌ಜಿ. ನನ್ನದು ಹಳೆಯ ವಿಯು 2. ಹದಿಮೂರರ ಮೊಮ್ಮಗಳದು ಹೊಚ್ಚಹೊಸ ವಿಯು 3.

ನಮ್ಮ ಕೈಯಲ್ಲಿ ಹಿಡಿಯುವ ಪುಟ್ಟ ರೇಡಿಯೊದ ಶಕ್ತಿ 5 ವಾಟ್. ಮನೆಯ ಎಲ್‌ಇಡಿ ಬಲ್ಬು 9 ವಾಟ್ ಇರುತ್ತದೆ. ಅದರ ಅರ್ಧದಷ್ಟು ಮಾತ್ರ. ಈ ರೇಡಿಯೊದ ಅಲೆಗಳು ಬೆಳಕಿನಂತೆ ನೇರ ಹೋಗುವಂಥವು. ಮಲ್ಪೆಯಲ್ಲಿ ನಿಂತು ಮಾತಾಡಿದರೆ ಮಣಿಪಾಲದ ಗುಡ್ಡದ ಮೇಲಿರುವವರಿಗೆ ಚೆನ್ನಾಗಿ ಕೇಳಬಹುದು, ಗುಡ್ಡದ ಆಚೆಗೆ ಕಷ್ಟ. ಹಾಗಾದರೆ ಸಾವಿರಾರು ಕಿಲೋಮೀಟರ್ ದೂರ ಮಾತಾಡುವುದು ಹೇಗೆ? ಗುಡ್ಡಕ್ಕಿಂತ ಎತ್ತರದಲ್ಲಿ ಯಾರಾದರೂ ನಿಂತು, ನಮ್ಮ ಮಾತನ್ನು ಕೇಳಿಸಿಕೊಂಡು, ಆಚೆಯವರಿಗೆ ದಾಟಿಸಬೇಕು.

ಅಂಥವರು ಇದ್ದಾರೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಿದೆ. ಅದು ನೆತ್ತಿಯ ಮೇಲೆ ಬಂದಾಗ ನಮಗೂ ಅದಕ್ಕೂ ಇರುವ ದೂರ, ಮಲ್ಪೆಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಷ್ಟೇ! ಬಸ್ಸಿಗೆ ಇಡೀ ರಾತ್ರಿ ಬೇಕಾಗುವ ಆ ದೂರವನ್ನು ನಿಲ್ದಾಣ ಒಂದು ನಿಮಿಷದೊಳಗೆ ಓಡಿ ಮುಗಿಸುತ್ತದೆ. ಅದರ ವೇಗ ಗಂಟೆಗೆ ಸುಮಾರು 28,000 ಕಿಲೋಮೀಟರ್. ಒಂದು ದಿಗಂತದಲ್ಲಿ ಹುಟ್ಟಿ ಇನ್ನೊಂದು ದಿಗಂತದಲ್ಲಿ ಮುಳುಗಲು ಅದಕ್ಕೆ ಹತ್ತು ನಿಮಿಷದಷ್ಟೇ ಸಾಕು.

ಅದರೊಳಗೆ, ಯುರೋಪಿನವರು ಕಟ್ಟಿದ ಕೊಲಂಬಸ್ ಎಂಬ ಕೋಣೆಯಲ್ಲಿ, 2020ರ ಸೆಪ್ಟೆಂಬರಿನಿಂದ ಒಂದು ಹ್ಯಾಮ್ ರೇಡಿಯೊ ಇದೆ. ಅದು 145.990 ಮೆಗಾಹರ್ಟ್ಸ್‌ನಲ್ಲಿ ಕೇಳಿಸಿಕೊಂಡದ್ದನ್ನು ಆ ಕ್ಷಣದಲ್ಲೇ 437.800 ಮೆಗಾಹರ್ಟ್ಸ್‌ನಲ್ಲಿ ಮರಳಿ ಹೇಳುತ್ತದೆ. ಕೆಳಗೆ, ನಿಲ್ದಾಣದ ಕಣ್ಣಳತೆಯಲ್ಲಿರುವ ಎಲ್ಲರಿಗೂ ಅದು ಕೇಳಬಹುದು. ಆ ಕಣ್ಣಳತೆ ಎಷ್ಟು ದೊಡ್ಡದು ಗೊತ್ತೇ? ನಿಲ್ದಾಣದ ಕೆಳಗಿನ ಬಿಂದುವಿನಿಂದ ಸುತ್ತಲೂ 2,200 ಕಿಲೋಮೀಟರ್! ಅದು ಅರಬ್ಬಿ ಸಮುದ್ರದ ನಡುವೆ ಇದ್ದರೆ ಮಲ್ಪೆ, ದಿಲ್ಲಿ, ಕೊಲಂಬೊ, ಮಸ್ಕತ್ ಎಲ್ಲವೂ ಒಂದೇ ಕೊಡೆಯ ಕೆಳಗೆ.

ನಾನು ಮೊಸಳೆಯಾದ ಕತೆ

ಇಷ್ಟೆಲ್ಲ ಗೊತ್ತಿದ್ದೂ ನಾಲ್ಕು ದಿನ ಸೋತೆವು. ನಡೆದದ್ದು ಹೀಗೆ.

ಮೊಮ್ಮಗಳು ಆಂಟೆನಾ ಹಿಡಿದು ನಿಲ್ದಾಣ ಹೋದತ್ತ ತಿರುಗಿಸಬೇಕು. ನಾನು ರೇಡಿಯೊದ ಗುಂಡಿ ಒತ್ತಿ ಕರೆಯಬೇಕು. ಯಾರಾದರೂ ಉತ್ತರಿಸಿದರೆ ಮೈಕನ್ನು ಅವಳ ಕೈಗೆ ಕೊಡಬೇಕು. ನಾನು ಕರೆದೆ. ಕರೆದೇ ಕರೆದೆ. ಗುಂಡಿ ಬಿಟ್ಟ ಕೂಡಲೇ ಮತ್ತೆ ಒತ್ತಿದೆ. ಹತ್ತು ನಿಮಿಷದ ಆಟ ಮುಗಿದೇ ಹೋದೀತು ಎಂಬ ಗಡಿಬಿಡಿ ನನಗೆ.

“ಅಜ್ಜ, ಯಾರೋ ಮಾತಾಡಿದ ಹಾಗೆ ಕೇಳಿತು” ಎಂದಳು ಒಮ್ಮೆ.

“ಸುಮ್ಮನಿರು, ಕೈ ಅಲುಗಾಡಿಸಬೇಡ” ಎಂದೆ ನಾನು.

ಮೂರನೆಯ ದಿನ ಮತ್ತೊಮ್ಮೆ ಅದನ್ನೇ ಹೇಳಿದಳು. ನಾನು ಕೇಳಿಸಿಕೊಳ್ಳಲಿಲ್ಲ. ನಾಲ್ಕನೆಯ ದಿನ ಅವಳು ಏನೂ ಹೇಳಲಿಲ್ಲ. ಆಂಟೆನಾವನ್ನು ಗೋಡೆಗೆ ಒರಗಿಸಿ, “ನನ್ನ ಕೈ ಸರಿ ಇಲ್ಲ, ನೀವೇ ಹಿಡಿದುಕೊಳ್ಳಿ” ಎಂದು ಮೆಟ್ಟಿಲು ಇಳಿದು ಹೋದಳು.

ಆ ರಾತ್ರಿ ದೂರದ ಊರಿನ ಒಬ್ಬ ಹಳೆಯ ಹ್ಯಾಮ್ ಮಿತ್ರರ ಫೋನ್ ಬಂತು. “ನಾಲ್ಕು ದಿನದಿಂದ ನಿಲ್ದಾಣದ ಮೂಲಕ ನಿಮ್ಮ ದನಿ ಸ್ಪಷ್ಟವಾಗಿ ಕೇಳುತ್ತಿದೆ. ನಾನು ಉತ್ತರ ಕೊಟ್ಟೆ. ಬೇರೆಯವರೂ ಕೊಟ್ಟರು. ನೀವು ಯಾರಿಗೂ ಮರುಮಾತಾಡಲಿಲ್ಲ. ಏನು, ಮೊಸಳೆ ಆಗಿಬಿಟ್ಟಿರಾ?”

ಹ್ಯಾಮ್‌ಗಳ ಭಾಷೆಯಲ್ಲಿ ಮೊಸಳೆ ಎಂದರೆ ಬಾಯಿ ದೊಡ್ಡದು, ಕಿವಿ ಸಣ್ಣದು ಇರುವ ಕೇಂದ್ರ. ಅದರ ಮಾತು ಊರಿಗೆಲ್ಲ ಕೇಳುತ್ತದೆ. ಅದಕ್ಕೆ ಮಾತ್ರ ಯಾರ ಮಾತೂ ಕೇಳುವುದಿಲ್ಲ. ನಿಲ್ದಾಣದ ರೇಡಿಯೊದಲ್ಲಿ ಇರುವುದು ಒಂದೇ ದಾರಿ. ಒಬ್ಬರು ಗುಂಡಿ ಒತ್ತಿ ಹಿಡಿದರೆ ಕೊಡೆಯ ಕೆಳಗಿರುವ ಉಳಿದವರೆಲ್ಲ ಬಾಯಿ ಮುಚ್ಚಿಕೊಂಡು ಕಾಯಬೇಕು. ನಾಲ್ಕು ದಿನ ನಾನು ಎಷ್ಟು ಜನರ ಹತ್ತು ನಿಮಿಷಗಳನ್ನು ತಿಂದೆನೋ!

ಎಲ್ಲಿ ತಪ್ಪಿದ್ದು?

ಮರುದಿನ ಬೆಳಿಗ್ಗೆ ಕುಳಿತು ತಪ್ಪುಗಳ ಪಟ್ಟಿ ಮಾಡಿದೆ. ಮೂರು ಸಿಕ್ಕವು.

ಒಂದು, ನಾವು ಒಂದೇ ರೇಡಿಯೊ ಬಳಸುತ್ತಿದ್ದೆವು. ಮಾತಾಡುವಾಗ ಅದರ ಕಿವಿ ಮುಚ್ಚಿರುತ್ತದೆ. ನಮ್ಮ ದನಿ ನಿಲ್ದಾಣ ತಲುಪಿ ಮರಳಿತೇ ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಎರಡು, ರೇಡಿಯೊದಲ್ಲಿ ಬರುವ ‘ಸುಯ್’ ಎಂಬ ಗದ್ದಲ ಕಿರಿಕಿರಿ ಎಂದು ಅದನ್ನು ತಡೆಯುವ ವ್ಯವಸ್ಥೆಯನ್ನು ಹಾಕಿಟ್ಟಿದ್ದೆ. ಅದು ಗದ್ದಲದ ಜೊತೆಗೆ ದೂರದ ಸಣ್ಣ ದನಿಗಳನ್ನೂ ನುಂಗಿಬಿಡುತ್ತದೆ. ಉಪಗ್ರಹದ ಮಾತು ಕೇಳಬೇಕಾದರೆ ಗದ್ದಲವನ್ನು ಸಹಿಸಿಕೊಳ್ಳಲೇಬೇಕು.

ಮೂರನೆಯದು ಸ್ವಲ್ಪ ವಿಜ್ಞಾನದ್ದು. ಉಡುಪಿಯ ಇಂದ್ರಾಳಿ ರೈಲು ನಿಲ್ದಾಣದಲ್ಲಿ ನಿಲ್ಲದೆ ಹೋಗುವ ರೈಲನ್ನು ನೋಡಿದ್ದೀರಾ? ಹತ್ತಿರ ಬರುವಾಗ ಅದರ ಸೀಟಿ ತಾರಕದಲ್ಲಿರುತ್ತದೆ, ನಮ್ಮನ್ನು ದಾಟಿದ ಕೂಡಲೇ ಇಳಿಯುತ್ತದೆ. ಇದಕ್ಕೆ ಡಾಪ್ಲರ್ ಪರಿಣಾಮ ಎಂದು ಹೆಸರು. ಬಾಹ್ಯಾಕಾಶ ನಿಲ್ದಾಣ ರೈಲಿಗಿಂತ ನೂರಾರು ಪಟ್ಟು ವೇಗದ್ದು. ಹಾಗಾಗಿ ಅದರ ರೇಡಿಯೊ ಅಲೆಗೂ ಹೀಗೇ ಆಗುತ್ತದೆ. ಅದು ದಿಗಂತದಲ್ಲಿ ಹುಟ್ಟುವಾಗ ನಾವು 437.810ರಲ್ಲಿ ಕಿವಿಗೊಡಬೇಕು. ನೆತ್ತಿಗೆ ಹತ್ತಿರವಾಗುವಾಗ 437.800. ಮುಳುಗುವಾಗ 437.790. ನಾನು ಹತ್ತು ನಿಮಿಷವೂ 437.800ಕ್ಕೇ ಅಂಟಿಕೊಂಡಿದ್ದೆ. ನಡುವಿನ ಒಂದೆರಡು ನಿಮಿಷ ಮಾತ್ರ ಏನಾದರೂ ಕೇಳುವ ಸಾಧ್ಯತೆ ಇತ್ತು. ಆಗ ನಾನು ಗುಂಡಿ ಒತ್ತಿಕೊಂಡಿದ್ದೆ.

ಅಂದರೆ ಮೊಮ್ಮಗಳಿಗೆ ನಿಜವಾಗಿಯೂ ಕೇಳಿತ್ತು. ಆಂಟೆನಾ ಸರಿಯಾಗಿತ್ತು. ಅವಳ ಕೈಯೂ ಸರಿಯಾಗಿತ್ತು. ರೇಡಿಯೊದಲ್ಲಿ ಮೊಸಳೆಯಾದದ್ದಕ್ಕೆ ಮಿತ್ರರ ಬಳಿ ಕ್ಷಮೆ ಕೇಳಿದ್ದೆ. ಮನೆಯಲ್ಲಿ ಮೊಸಳೆಯಾದದ್ದಕ್ಕೆ ಇನ್ನೂ ಕೇಳಿರಲಿಲ್ಲ. ಶಾಲೆಯಿಂದ ಬಂದವಳ ಎದುರು ಪಟ್ಟಿ ಇಟ್ಟು, “ತಪ್ಪು ನನ್ನದು. ನೀನು ಹೇಳಿದಾಗ ಕೇಳಬೇಕಿತ್ತು” ಎಂದೆ. ಅವಳು ಪಟ್ಟಿಯನ್ನು ಓದಿ, ಪೆನ್ನು ತೆಗೆದು, ಕೆಳಗೆ ನಾಲ್ಕನೆಯದೊಂದನ್ನು ಸೇರಿಸಿದಳು: “ಇನ್ನು ಮೇಲೆ ಹೆಡ್‌ಫೋನ್ ನನಗೆ.”

ಕಡಲಿನವರಿಗೆ ಗೊತ್ತಿರುವ ಪಾಠ

ಸಂಜೆಗೆ ಇನ್ನೂ ಸಮಯವಿತ್ತು. ತಾಂಡೇಲರು ಬಂದು ಜಗಲಿಯಲ್ಲಿ ಕುಳಿತರು. ನನ್ನ ಮೊಸಳೆ ಕತೆ ಕೇಳಿ ಅವರು ನಗಲಿಲ್ಲ.

“ಬೋಟಿನ ವೈರ್‌ಲೆಸ್ಸಿನಲ್ಲೂ ಹೀಗೇ” ಎಂದರು. “ಒಬ್ಬ ಗುಂಡಿ ಒತ್ತಿ ಊರ ಸುದ್ದಿ ಹೇಳ್ತಾ ಕೂತರೆ, ಕಷ್ಟದಲ್ಲಿ ಇರುವವನ ದನಿ ಯಾರಿಗೂ ಕೇಳೂದಿಲ್ಲ. ಹಾಗಾಗಿ ನಾವು ಹುಡುಗರಿಗೆ ಮೊದಲು ಹೇಳಿಕೊಡೂದು, ಒತ್ತುವ ಮೊದಲು ಕೇಳು.”

ಮಲ್ಪೆಯವರಿಗೆ ಇದು ಬರಿಯ ಶಿಷ್ಟಾಚಾರದ ಮಾತಲ್ಲ. 2018ರ ಡಿಸೆಂಬರ್ 13ರಂದು ಇಲ್ಲಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟಿನಲ್ಲಿ 7 ಮಂದಿ ಮೀನುಗಾರರಿದ್ದರು. ಎರಡು ದಿನಗಳ ಬಳಿಕ ಸಂಪರ್ಕ ಕಡಿಯಿತು. ತಿಂಗಳುಗಟ್ಟಲೆ ಹುಡುಕಾಟ ನಡೆಯಿತು. ಕೊನೆಗೆ 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಆಚೆ, ಕಡಲ ತಳದಲ್ಲಿ, ನೌಕಾಪಡೆಯವರಿಗೆ ಅದರ ಅವಶೇಷ ಸಿಕ್ಕಿತು. ಆ ತಿಂಗಳುಗಳಲ್ಲಿ ಒಂದು ದನಿಗಾಗಿ ಕಾದ ಮನೆಗಳು ನಮ್ಮ ಕರಾವಳಿಯಲ್ಲೇ ಇವೆ.

ಮೀನುಗಾರರಿಗಾಗಿ ಇಸ್ರೊ ಮಾಡಿರುವ ಅಪಾಯದ ಕರೆಯ ಸಾಧನವೊಂದಿದೆ. ಕಡಲಿನಲ್ಲಿ ಗುಂಡಿ ಒತ್ತಿದರೆ ಸಂದೇಶ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ಹೋಗುತ್ತದೆ. 2010ರಿಂದ ಇರುವ ಮೊದಲ ಮಾದರಿಯಲ್ಲಿ ಸಂದೇಶ ಹೋಗುತ್ತಿತ್ತು, ಆದರೆ ತಲುಪಿತೇ ಇಲ್ಲವೇ ಎಂಬುದು ಬೋಟಿನಲ್ಲಿದ್ದವರಿಗೆ ತಿಳಿಯುತ್ತಿರಲಿಲ್ಲ. 2024ರ ಜನವರಿಯಲ್ಲಿ ಬಂದ ಎರಡನೆಯ ಮಾದರಿಯಲ್ಲಿ ‘ನಿಮ್ಮ ಕರೆ ತಲುಪಿದೆ’ ಎಂಬ ಉತ್ತರ ಮರಳಿ ಬರುತ್ತದೆ. ಅಲೆಗಳ ನಡುವೆ ಮುಳುಗುವ ಬೋಟಿನಲ್ಲಿ ಕುಳಿತವನಿಗೆ ಆ ಒಂದು ಉತ್ತರ ಎಷ್ಟು ದೊಡ್ಡದೆಂದು ತಾಂಡೇಲರನ್ನು ಕೇಳಬೇಕು.

ಕಿವಿ ಇಲ್ಲದ ಉಪಗ್ರಹ, ಕಿವಿ ಇದ್ದ ಉಪಗ್ರಹ

ಹ್ಯಾಮ್‌ಗಳ ಉಪಗ್ರಹಗಳೂ ಕಿವಿ ಪಡೆದದ್ದು ನಿಧಾನವಾಗಿಯೇ. ಅಮೆರಿಕದ ಹ್ಯಾಮ್‌ಗಳು ಕಟ್ಟಿದ ಮೊದಲ ಉಪಗ್ರಹ ಆಸ್ಕರ್-1 ಮೇಲೇರಿದ್ದು 1961ರ ಡಿಸೆಂಬರ್ 12ರಂದು. ಅದು ಮೋರ್ಸ್ ಸಂಕೇತದಲ್ಲಿ ‘ಹಾಯ್’ ಎಂದಷ್ಟೇ ಹೇಳುತ್ತಿತ್ತು. ಉತ್ತರ ಕೊಟ್ಟರೆ ಅದಕ್ಕೆ ಕೇಳುತ್ತಿರಲಿಲ್ಲ. ನಮ್ಮ ಕಾಪುವಿನ ದೀಪಸ್ತಂಭ 1901ರಿಂದ ಬೆಳಕು ಬೀರುತ್ತಿದೆಯಲ್ಲ, ಹಾಗೆ. 1965ರಲ್ಲಿ ಬಂದ ಆಸ್ಕರ್-3ಕ್ಕೆ ಮಾತ್ರ ಕೆಳಗಿನವರ ಮಾತು ಕೇಳಿ ಮರಳಿ ಹೇಳುವ ಶಕ್ತಿ ಬಂತು.

1974ರಲ್ಲಿ ಹಾರಿದ ಆಸ್ಕರ್-7ರ ಕತೆ ಇನ್ನೂ ಸೊಗಸು. 1981ರಲ್ಲಿ ಅದರ ಬ್ಯಾಟರಿ ಕೆಟ್ಟು ಅದು ಮೂಕವಾಯಿತು. ಎಲ್ಲರೂ ಅದನ್ನು ಮರೆತರು. 21 ವರ್ಷಗಳ ನಂತರ, 2002ರ ಜೂನ್‌ನಲ್ಲಿ, ಇಂಗ್ಲೆಂಡಿನ ಹ್ಯಾಮ್ ಒಬ್ಬರು ಒಂದು ಅಪರಿಚಿತ ಸಂಕೇತ ಕೇಳಿದರು. ಅದು ಆಸ್ಕರ್-7! ಕೆಟ್ಟ ಬ್ಯಾಟರಿ ವಿದ್ಯುತ್ತಿನ ದಾರಿಯಿಂದ ತಾನಾಗಿಯೇ ಕಳಚಿಕೊಂಡಿತ್ತು. ಬಿಸಿಲು ಬಿದ್ದಾಗಲೆಲ್ಲ ಸೌರಫಲಕದ ಬಲದಿಂದಲೇ ಅದು ಎಚ್ಚರಗೊಳ್ಳುತ್ತಿತ್ತು. ಯಾರೋ ಕಿವಿಗೊಟ್ಟದ್ದರಿಂದ ಅದು ಬದುಕಿರುವುದು ಲೋಕಕ್ಕೆ ತಿಳಿಯಿತು.

ನಮ್ಮ ದೇಶದ ಹ್ಯಾಮ್‌ಗಳಿಗೂ ಸ್ವಂತ ಉಪಗ್ರಹವಿತ್ತು. 2005ರ ಮೇ 5ರಂದು ಶ್ರೀಹರಿಕೋಟದಿಂದ ಕಾರ್ಟೊಸ್ಯಾಟ್-1ರ ಜೊತೆ ಹಾರಿದ 42.5 ಕಿಲೋ ತೂಕದ ಹ್ಯಾಮ್‌ಸ್ಯಾಟ್. ಅದರಲ್ಲಿ ಮಾತು ದಾಟಿಸುವ ಎರಡು ಯಂತ್ರಗಳಿದ್ದವು. ಒಂದು ಭಾರತದವರು ಮಾಡಿದ್ದು, ಇನ್ನೊಂದು ನೆದರ್ಲೆಂಡ್ಸಿನ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಮಾಡಿದ್ದು. 2014ರ ಜುಲೈವರೆಗೆ, ಒಂಬತ್ತು ವರ್ಷ, ಅದು ಜಗತ್ತಿನ ಹ್ಯಾಮ್‌ಗಳ ಮಾತು ದಾಟಿಸಿತು.

ಇಸ್ರೊದ ಉಪಗ್ರಹಗಳನ್ನು ರೂಪಿಸುವ ಬೆಂಗಳೂರಿನ ಕೇಂದ್ರಕ್ಕೆ ಈಗ ಯು. ಆರ್. ರಾವ್ ಅವರ ಹೆಸರಿದೆ. ‘ಯು’ ಎಂದರೆ ಉಡುಪಿ. ಅವರು ಹುಟ್ಟಿದ್ದು ಕಾಪು ಬಳಿಯ ಅದಮಾರಿನಲ್ಲಿ, 1932ರಲ್ಲಿ. ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದ ತಂಡದ ನಾಯಕ ಅವರೇ. 2025ರ ಜುಲೈ 4ರಂದು ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ ಅವರು ಅದೇ ಕೇಂದ್ರದಲ್ಲಿ ನೆರೆದ ವಿದ್ಯಾರ್ಥಿಗಳ ಜೊತೆ ಮಾತಾಡಿದ್ದು ಹ್ಯಾಮ್ ರೇಡಿಯೊದ ಮೂಲಕವೇ.

ಐದನೆಯ ಸಂಜೆ

ಆರೂಮುಕ್ಕಾಲಕ್ಕೆ ನಿಲ್ದಾಣ ವಾಯವ್ಯದಲ್ಲಿ, ಕಡಲಿನ ಅಂಚಿನಲ್ಲಿ ಹುಟ್ಟುವುದಿತ್ತು. ಮಲ್ಪೆಯವರಿಗೆ ಇದೊಂದು ಭಾಗ್ಯ. ಪಶ್ಚಿಮಕ್ಕೆ ಗುಡ್ಡವಿಲ್ಲ, ಮರವಿಲ್ಲ, ನೀರಿನ ಅಂಚಿನವರೆಗೂ ಬಯಲು.

ಈ ಸಲ ಎರಡು ರೇಡಿಯೊ. ಕೇಳುವ ರೇಡಿಯೊದ ಹೆಡ್‌ಫೋನ್ ಮೊಮ್ಮಗಳ ಕಿವಿಯಲ್ಲಿ, ಮಾತಾಡುವ ರೇಡಿಯೊದ ಗುಂಡಿಯೂ ಅವಳ ಕೈಯಲ್ಲಿ. ಆಂಟೆನಾ ಹಿಡಿಯುವ ಕೆಲಸ ನನಗೆ. ಕೇಳುವ ರೇಡಿಯೊವನ್ನು 437.810ರಿಂದ ಮೆಲ್ಲಗೆ ಇಳಿಸುತ್ತಾ ಬರುವುದು ಅವಳ ಅಪ್ಪನಿಗೆ. ತಾಂಡೇಲರು ಮೆಟ್ಟಿಲ ಮೇಲೆ.

ಮೊದಲ ಒಂದೂವರೆ ನಿಮಿಷ ಅವಳು ಏನೂ ಮಾತಾಡಲಿಲ್ಲ. ನನಗೋ ಬಾಯಿ ಕಡಿಯುತ್ತಿತ್ತು. ಸುಮ್ಮನಿದ್ದೆ. ಅವಳು ಎಡಗೈಯಿಂದ “ಸ್ವಲ್ಪ ಬಲಕ್ಕೆ” ಎಂದು ಸನ್ನೆ ಮಾಡಿದಳು. ತಿರುಗಿಸಿದೆ. ಅವಳ ಕಣ್ಣು ಅರಳಿತು. ಇಬ್ಬರು ಮಾತಾಡುತ್ತಿದ್ದರು, ಅವರ ಮಾತು ಮುಗಿಯಲಿ ಎಂದು ಕಾದಳು. ಮುಗಿಯಿತು. ಗುಂಡಿ ಒತ್ತಿ ತನ್ನ ಕರೆಯನ್ನು ಒಂದೇ ಸಲ ಹೇಳಿದಳು: “ವಿಕ್ಟರ್, ಯೂನಿಫಾರ್ಮ್, ತ್ರೀ...”

ಹೇಳುತ್ತಿದ್ದಂತೆಯೇ ಅವಳ ದನಿ ಅವಳ ಕಿವಿಗೇ ಮರಳಿ ಬಂತು, ಬಾಹ್ಯಾಕಾಶ ನಿಲ್ದಾಣವನ್ನು ಮುಟ್ಟಿ! ಒಂದು ಕ್ಷಣ ತಬ್ಬಿಬ್ಬಾದಳು. ಗುಂಡಿ ಬಿಟ್ಟಳು. ಆಗ ಬಂತು ಉತ್ತರ, ಮಸ್ಕತ್‌ನಿಂದ. ಅವಳ ಕರೆಯನ್ನು ಅಕ್ಷರಕ್ಷರ ಸರಿಯಾಗಿ ಹೇಳಿ, “ಫೈವ್ ನೈನ್” ಎಂದರು. ಎಂದರೆ ನಿನ್ನ ಮಾತು ಪೂರ್ತಿ ಸ್ಪಷ್ಟ. ಜೊತೆಗೆ ತಮ್ಮ ಚೌಕದ ಸಂಖ್ಯೆ, ಎಲ್‌ಎಲ್ 93.

ಹ್ಯಾಮ್‌ಗಳು ಭೂಮಿಯನ್ನು ಚೌಕಗಳಾಗಿ ಭಾಗಮಾಡಿ ಪ್ರತಿ ಚೌಕಕ್ಕೂ ಎರಡು ಅಕ್ಷರ, ಎರಡು ಅಂಕೆ ಕೊಟ್ಟಿದ್ದಾರೆ. ಮಲ್ಪೆ, ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಎಲ್ಲವೂ ಒಂದೇ ಚೌಕದಲ್ಲಿವೆ. ಮೊಮ್ಮಗಳು ಅದನ್ನು ಹೇಳಿದಳು: “ಎಂಕೆ 73.” ಅಲ್ಲಿಂದ “ಧನ್ಯವಾದ, 73” ಎಂದು ಬಂತು. ಎಲ್ಲ ಸೇರಿ ಇಪ್ಪತ್ತು ಸೆಕೆಂಡು. ಬೇರೆಯವರಿಗೂ ದಾರಿ ಬೇಕಲ್ಲ, ಅವಳು ಗುಂಡಿಯಿಂದ ಬೆರಳು ತೆಗೆದಳು. ಉಳಿದ ಆರೇಳು ನಿಮಿಷ, ನಿಲ್ದಾಣ ಕಾರ್ಕಳದ ದಿಕ್ಕಿನ ತೆಂಗಿನ ತಲೆಗಳ ಹಿಂದೆ ಇಳಿಯುವವರೆಗೂ, ಬರಿದೇ ಕೇಳುತ್ತಾ ನಿಂತಳು.

ವಿಡಿಯೊ ಕಾಲ್ ಇರುವಾಗ ಇದೇಕೆ?

ಊಟಕ್ಕೆ ಕುಳಿತಾಗ ಸೊಸೆ ಕೇಳಿದಳು, “ಮಸ್ಕತ್‌ನಲ್ಲಿರುವ ನನ್ನ ಅಣ್ಣನ ಮುಖವನ್ನೇ ದಿನಾ ವಿಡಿಯೊ ಕಾಲಿನಲ್ಲಿ ನೋಡ್ತೇವೆ. ಇಪ್ಪತ್ತು ಸೆಕೆಂಡಿಗೆ ಐದು ದಿನ ಬೇಕಾಯ್ತಾ?”

ನ್ಯಾಯವಾದ ಪ್ರಶ್ನೆ. ವಿಡಿಯೊ ಕಾಲಿಗೆ ಟವರು ಬೇಕು, ಕಡಲ ತಳದ ಕೇಬಲ್ ಬೇಕು, ಕಂಪನಿಗಳು ಬೇಕು. ಅವೆಲ್ಲ ಸರಿಯಿರುವ ದಿನ ಅದೇ ಸಲೀಸು. ಸರಿಯಿಲ್ಲದ ದಿನವೂ ಬರುತ್ತದೆ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ನೇತೃತ್ವದ ಹ್ಯಾಮ್ ತಂಡವೊಂದು ಹವ್ಯಾಸಕ್ಕೆಂದೇ ಪೋರ್ಟ್ ಬ್ಲೇರ್‌ಗೆ ಹೋಗಿತ್ತು. 26ರ ಬೆಳಿಗ್ಗೆ ಭೂಕಂಪ, ಸುನಾಮಿ. ಸಂಪರ್ಕಗಳು ಕಡಿದ ಆ ದಿನಗಳಲ್ಲಿ ದ್ವೀಪದವರ ಸುದ್ದಿಯನ್ನು ಮುಖ್ಯ ಭೂಮಿಗೆ ಮುಟ್ಟಿಸಲು ಅವರ ರೇಡಿಯೊ ನೆರವಾಯಿತು. ಅವರು ಬಳಸಿದ್ದು ಉಪಗ್ರಹವನ್ನಲ್ಲ, ದೂರ ಹೋಗುವ ಬೇರೆ ಅಲೆಗಳನ್ನು. ಆದರೆ ಆ ಹೊತ್ತಿನಲ್ಲಿ ಕೆಲಸಕ್ಕೆ ಬಂದದ್ದು ವರ್ಷಗಟ್ಟಲೆ ಹವ್ಯಾಸದಲ್ಲಿ ಪಳಗಿದ ಕಿವಿ. ಗದ್ದಲದ ನಡುವೆ ಸಣ್ಣ ದನಿಯನ್ನು ಹಿಡಿಯುವ, ತನ್ನ ಸರದಿಗೆ ಕಾಯುವ, ಕೇಳಿದ್ದನ್ನು ತಪ್ಪಿಲ್ಲದೆ ಬರೆದುಕೊಳ್ಳುವ ಅಭ್ಯಾಸ.

ಇದನ್ನೆಲ್ಲ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಮೊಮ್ಮಗಳೇ, “ಅಮ್ಮ, ಇದನ್ನು ನಾನೇ ಮಾಡಿದ್ದು” ಎಂದಳು. ಸೊಸೆ ನಕ್ಕು ಇನ್ನೊಂದು ತುಂಡು ಮೀನು ಬಡಿಸಿದಳು. ಮುಳ್ಳನ್ನು ಮೊಮ್ಮಗಳು ತಟ್ಟೆಯ ಅಂಚಿನಲ್ಲಿ ನೆಟ್ಟಗೆ ನಿಲ್ಲಿಸಿ ನೋಡಿದಳು.

ನೀವೂ ಮಾಡಿ ನೋಡಿ

1. ನಿಮ್ಮ ಊರಿನ ಮೇಲೆ ಬಾಹ್ಯಾಕಾಶ ನಿಲ್ದಾಣ ಯಾವಾಗ ಹಾದುಹೋಗುತ್ತದೆಂದು ದೊಡ್ಡವರ ನೆರವಿನಿಂದ ತಿಳಿದುಕೊಳ್ಳಿ. ಮುಸ್ಸಂಜೆ ಅಥವಾ ಮುಂಜಾವದ ಹಾದಿಗಳಲ್ಲಿ ಅದು ಮಿನುಗದೆ ಓಡುವ ಪ್ರಕಾಶಮಾನ ಚುಕ್ಕಿಯಂತೆ ಬರಿಗಣ್ಣಿಗೆ ಕಾಣುತ್ತದೆ. ಹುಟ್ಟಿದ್ದು ಎಲ್ಲಿ, ಮುಳುಗಿದ್ದು ಎಲ್ಲಿ, ಎಷ್ಟು ನಿಮಿಷ ಕಂಡಿತು, ಬರೆದಿಡಿ.

2. ರೇಡಿಯೊ ಅಲೆಯ ಉದ್ದ ಲೆಕ್ಕ ಹಾಕಿ. 300ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಉತ್ತರ ಮೀಟರಿನಲ್ಲಿ ಸಿಗುತ್ತದೆ. 146ಕ್ಕೆ ಎಷ್ಟು? 437.8ಕ್ಕೆ ಎಷ್ಟು? ಅದರ ಅರ್ಧವೇ ಆಂಟೆನಾದ ಪಟ್ಟಿಯ ಉದ್ದ, ಹೆಚ್ಚು ಕಡಿಮೆ. ನಮ್ಮ ಆಂಟೆನಾದ ಉದ್ದ ಪಟ್ಟಿಗಳು 1 ಮೀಟರಿನಷ್ಟು, ಗಿಡ್ಡ ಪಟ್ಟಿಗಳು 33 ಸೆಂಟಿಮೀಟರಿನಷ್ಟು ಏಕಿವೆ ಎಂದು ಆಗ ತಿಳಿಯುತ್ತದೆ.

3. ನಿಮ್ಮ ಊರಿನ ಹತ್ತಿರ ಹ್ಯಾಮ್ ಇದ್ದಾರೆಯೇ ವಿಚಾರಿಸಿ. ಒಂದು ಸಂಜೆ ಅವರ ಮನೆಗೆ ಹೋಗಿ, ಹೆಡ್‌ಫೋನ್ ಹಾಕಿಕೊಂಡು ಹತ್ತು ನಿಮಿಷ ಸುಮ್ಮನೆ ಕೇಳಿ.

ಕೊನೆಯದಾಗಿ ಒಂದು ಮಾತು. ಹ್ಯಾಮ್‌ಗಳ ಸಂಕೇತದಲ್ಲಿ 73 ಎಂದರೆ ‘ಶುಭಾಶಯಗಳು’. ಮಾತು ಮುಗಿಸುವಾಗ ಎಲ್ಲರೂ ಅದನ್ನೇ ಹೇಳುವುದು. ನಮ್ಮ ಚೌಕದ ಅಂಕೆಯೂ 73 ಆಗಿರುವುದು ಕಾಕತಾಳೀಯ. ಆದರೂ ಮೊಮ್ಮಗಳಿಗೆ ಅದೊಂದು ಹೆಮ್ಮೆ. ತನ್ನ ದಾಖಲೆ ಪುಸ್ತಕದ ಮೊದಲ ಪುಟದಲ್ಲಿ ಆ ಸಂಜೆಯ ಸಮಯ, ಮಸ್ಕತ್‌ನ ಕರೆ, ಎಲ್ಲ ಬರೆದು ಕೆಳಗೆ ಒಂದು ಸಾಲು ಸೇರಿಸಿದ್ದಾಳೆ: “ಆಂಟೆನಾ ಹಿಡಿದವರು ಅಜ್ಜ. ಕೈ ಸ್ವಲ್ಪ ಅಲುಗಾಡುತ್ತಿತ್ತು.”

ಎಲ್ಲರಿಗೂ 73.